ನಿಮ್ಮ ಜಲವರ್ಣ ಲೇಖನವನ್ನು ಕುರಿತು

ಮಾನ್ಯರೇ,

ಮನೆಬಳಕೆಯ ವಸ್ತುಗಳನ್ನು ವಾಸ್ತವಿಕ ಶೈಲಿಯಲ್ಲಿ ಮೂಡಿಸಿದ ಜಲವರ್ಣ ಚಿತ್ರಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಅದರೊಳಗೆ ಒಳ್ಳೆಯ ಲೇಖನವೊಂದು ಅಡಗಿರುವುದರಿಂದ, ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಕೆಟಲ್, ಪೊರಕೆ, ಗಾಜಿನ ಲೋಟ, ಮೊಳೆಗೆ ನೇತುಹಾಕಿದ ಟವೆಲು ಎಂದು ನಾಲ್ಕು ಚಿತ್ರಗಳನ್ನು ಹೆಸರಿಸಿ, ‘ಸಾಮಾನ್ಯ ವಸ್ತುವಿನಲ್ಲೂ ಸೌಂದರ್ಯವಿದೆ’ ಎಂಬ ಒಂದೇ ಮಾತನ್ನು ಪುಟದಿಂದ ಪುಟಕ್ಕೆ ಹೇಳುತ್ತಾ ಹೋಗಿದ್ದೀರಿ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಹಾಗಾಗಿಯೇ ಅದು ಯಾರ ಮನಸ್ಸಿಗೂ ನಾಟುವುದಿಲ್ಲ. ಲೋಟದ ನೆರಳು ಬುಡದ ಬಳಿ ಚೂಪಾಗಿದ್ದು, ದೂರ ಸರಿದಂತೆ ಅದರ ಅಂಚು ಕರಗುತ್ತದೆ ಎಂದು ನೀವು ಗಮನಿಸಿದ ಸಾಲುಗಳಲ್ಲಿ ಮಾತ್ರ ಬರಹಕ್ಕೆ ಜೀವ ಬಂದಿದೆ, ಏಕೆಂದರೆ ಅಲ್ಲಿ ನೀವು ಹೊಗಳುವುದನ್ನು ಬಿಟ್ಟು ನೋಡತೊಡಗಿದ್ದೀರಿ. ಅಷ್ಟಕ್ಕೇ ನಿಲ್ಲಿಸಿದ್ದೇಕೆ? ಒಣಗಿದ ಕಾಗದದ ಮೇಲೆ ಬಣ್ಣ ಗಡುಸಾದ ಅಂಚನ್ನು ಉಳಿಸುತ್ತದೆ, ತೇವವಿರುವಲ್ಲಿ ಅದೇ ಬಣ್ಣ ಹರಡಿಕೊಳ್ಳುತ್ತದೆ. ಒಂದೇ ನೆರಳಿನಲ್ಲಿ ಎರಡನ್ನೂ ಪಡೆಯಬೇಕಾದರೆ ಕಾಗದ ಎಲ್ಲಿ, ಯಾವ ಗಳಿಗೆಯಲ್ಲಿ, ಎಷ್ಟು ಆರಿದೆ ಎಂಬ ಅಂದಾಜು ಕುಂಚ ಹಿಡಿದವರಿಗೆ ಇರಬೇಕು. ನಿಮ್ಮ ಓದುಗನಿಗೆ ತಿಳಿಯಬೇಕಾದದ್ದು ಇದು.

‘ಥೇಟ್ ಫೋಟೋದಂತಿದೆ’ ಎಂಬ ಮೆಚ್ಚುಗೆಯನ್ನು ದಯವಿಟ್ಟು ತೆಗೆದುಹಾಕಿ. ಅದು ಚಿತ್ರಕಾರರ ನಿರ್ಧಾರಗಳನ್ನೆಲ್ಲ ಮರೆಮಾಡುತ್ತದೆ. ಪಾರದರ್ಶಕ ಜಲವರ್ಣದಲ್ಲಿ ಬೆಳಕು ಕಾಗದದಿಂದ ಬರುತ್ತದೆ. ಕೆಟಲ್ಲಿನ ಮೈಮೇಲೆ ನೀವು ಕಂಡ ಅತ್ಯಂತ ಪ್ರಖರವಾದ ಹೊಳಪು ಬಳಿದ ಬಿಳಿಯಲ್ಲ, ಬಳಿಯದೆ ಬಿಟ್ಟ ಜಾಗ. ತೈಲವರ್ಣದಲ್ಲಿ ಅಂಥ ಹೊಳಪನ್ನು ಕೊನೆಯಲ್ಲಿ ಬಿಳಿ ಬಣ್ಣದಿಂದ ಇಡಬಹುದು. ಇಲ್ಲಿ ಮೊದಲ ವಾಶ್ (ನೀರು ಬೆರೆಸಿದ ಬಣ್ಣದ ತೆಳು ಪದರ) ಹರಿಸುವ ಮುನ್ನವೇ ಅದರ ಜಾಗವನ್ನು ಗೊತ್ತುಮಾಡಿಕೊಂಡು, ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ತೆಳುವಿನಿಂದ ಗಾಢಕ್ಕೆ ಪದರ ಪದರವಾಗಿ ಸಾಗಬೇಕು. (ಕೊನೆಯಲ್ಲಿ ಒಂದು ಚುಕ್ಕೆ ಬಿಳಿ ಗ್ವಾಶ್, ಅಂದರೆ ಅಪಾರದರ್ಶಕ ಜಲವರ್ಣ, ಇಡುವವರೂ ಇದ್ದಾರೆ, ಅದನ್ನು ಅಪರಾಧವೆನ್ನುವ ಮಡಿವಂತರ ಪಕ್ಷ ನನ್ನದಲ್ಲ.)

‘ಈವರೆಗೆ ಯಾವ ದೊಡ್ಡ ಕಲಾವಿದನೂ ಅಡುಗೆಮನೆಯತ್ತ ತಿರುಗಿ ನೋಡಿರಲಿಲ್ಲ’ ಎಂಬ ನಿಮ್ಮ ವಾಕ್ಯ ತಪ್ಪು. 1728ರಲ್ಲಿ ಫ್ರಾನ್ಸಿನ ರಾಯಲ್ ಅಕಾಡೆಮಿಗೆ ಸೇರಿದ ಶಾರ್ದೆನ್, ತಾಮ್ರದ ಪಾತ್ರೆಗಳನ್ನೂ ನೀರಿನ ಲೋಟವನ್ನೂ ಚಿತ್ರಿಸಿಯೇ ಹೆಸರಾದವನು. ಆದರೆ ಅವನ ಮಾಧ್ಯಮ ತೈಲವರ್ಣ. ಜಲವರ್ಣದಲ್ಲೇ ಹೋಲಿಕೆ ಬೇಕಿದ್ದರೆ ಹಣ್ಣುಗಳನ್ನೂ ಹಕ್ಕಿಗೂಡುಗಳನ್ನೂ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಚಿತ್ರಿಸಿದ ಇಂಗ್ಲೆಂಡಿನ ವಿಲಿಯಂ ಹೆನ್ರಿ ಹಂಟ್ (1790–1864) ಹತ್ತಿರದವನು. ಬಿಳಿ ಬಣ್ಣದ ತಳದ ಮೇಲೆ ಪಾರದರ್ಶಕ ಬಣ್ಣವನ್ನಿಟ್ಟು ಕಾಂತಿ ಪಡೆಯುವುದು ಅವನ ಕ್ರಮವಾಗಿತ್ತು. ಖಾಲಿ ಕಾಗದವನ್ನೇ ನಂಬಿದ ನಿಮ್ಮ ಕಲಾವಿದರಿಗೂ ಅವನಿಗೂ ಇರುವ ವ್ಯತ್ಯಾಸವೇ ಒಂದು ಪುಟಕ್ಕಾಗುವಷ್ಟಿದೆ.

ಬಾಲ್ಯದ ನೆನಪುಗಳ ಭಾಗ ಚೆನ್ನಾಗಿದ್ದರೂ ಚಿತ್ರಕ್ಕೆ ಸಂಬಂಧಿಸಿದ್ದಲ್ಲ; ಬಿಡಿ. ಉಳಿದ ಮೂರು ಚಿತ್ರಗಳನ್ನೂ ಕೈಬಿಟ್ಟು ಲೋಟವೊಂದನ್ನೇ ಉಳಿಸಿಕೊಳ್ಳಿ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಗಾಜಿನ ಮೂಲಕ ಕಾಣುವ ಮೇಜಿನ ಅಂಚು ಎಲ್ಲಿ ಬಾಗಿದೆ, ಬಾಯಿಯ ದೀರ್ಘವೃತ್ತಕ್ಕಿಂತ ಬುಡದ್ದು ಎಷ್ಟು ಅಗಲವಾಗಿ ತೆರೆದಿದೆ ಎಂಬುದನ್ನೆಲ್ಲ ಬರೆಯಿರಿ. ಚಿತ್ರದ ಅಳತೆಯನ್ನೂ ಕಾಗದ ನುಣುಪಿನದೋ ತರಿಯದೋ ಎಂಬುದನ್ನೂ ನಮೂದಿಸಿ. ಸಾಧ್ಯವಾದರೆ ಮೂಲ ಚಿತ್ರದ ಮುಂದೆಯೇ ಕುಳಿತು ಬರೆಯಿರಿ, ಏಕೆಂದರೆ ತರಿಯ ಕುಳಿಗಳಲ್ಲಿ ಬಣ್ಣದ ಕಣಗಳು ತಂಗಿರುವುದು ಮೊಬೈಲ್ ಪರದೆಯಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗೆ ತಿದ್ದಿ ಕಳಿಸಿದರೆ ಮತ್ತೊಮ್ಮೆ ಓದುತ್ತೇನೆ.

ಇಂತಿ,
ಸಂಪಾದಕ