ಮೊದಲ ಗಾಲ್ಫ್ ಸೆಟ್: ಏಳು ಕ್ಲಬ್ ಸಾಕು

ಪ್ರಶ್ನೆ: ನನಗೆ 44, ಹೆಂಡತಿಗೆ 40. ಇಬ್ಬರೂ ಈಗಷ್ಟೇ ಗಾಲ್ಫ್ ಕಲಿಯುತ್ತಿದ್ದೇವೆ. ಅಂಗಡಿಯವರು 14 ಕ್ಲಬ್‌ಗಳ (ಚೆಂಡು ಹೊಡೆಯುವ ಕೋಲುಗಳ) ಸೆಟ್ ತಗೊಳ್ಳಿ ಎನ್ನುತ್ತಾರೆ. ಒಂದೇ ಸೆಟ್‌ನಲ್ಲಿ ಇಬ್ಬರೂ ಆಡಬಹುದೇ? – ಓದುಗರೊಬ್ಬರು, ಮೈಸೂರು

ಉತ್ತರ: 14 ಎನ್ನುವುದು ನಿಯಮದ ಗರಿಷ್ಠ ಮಿತಿ, ಅಷ್ಟೂ ಇರಲೇಬೇಕೆಂದಿಲ್ಲ. 5 ವುಡ್ (ದೂರ ಹೊಡೆಯುವ ದಪ್ಪ ತಲೆಯದು), 5 ಹೈಬ್ರಿಡ್ (ವುಡ್, ಐರನ್‌ಗಳ ನಡುವಿನದು), 7 ಮತ್ತು 9 ಐರನ್ (ತೆಳು ಲೋಹದ ತಲೆಯವು), ಪಿಚಿಂಗ್ ವೆಡ್ಜ್ (ಹತ್ತಿರದ ಹೊಡೆತಕ್ಕೆ), 56 ಡಿಗ್ರಿಯ ಸ್ಯಾಂಡ್ ವೆಡ್ಜ್ (ಮರಳ ಗುಂಡಿಯಿಂದ ಎತ್ತಲು), ಪಟರ್ (ಕುಳಿಗೆ ಉರುಳಿಸಲು). ಮೊದಲ ವರ್ಷಕ್ಕೆ ಇಷ್ಟು ಧಾರಾಳ.

ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್ ಆಸೆ ಸದ್ಯಕ್ಕೆ ಬೇಡ. ಅದರ ಉದ್ದ ಸುಮಾರು 45 ಇಂಚು, ಲಾಫ್ಟ್ (ಕ್ಲಬ್‌ನ ಮುಖ ಹಿಂದಕ್ಕೆ ವಾಲಿರುವ ಕೋನ) ಹತ್ತು ಡಿಗ್ರಿ ಆಸುಪಾಸು. ಮುಖ ಚೂರು ತೆರೆದುಕೊಂಡರೂ ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗಿ ಪೊದೆ ಸೇರುತ್ತದೆ. 5 ವುಡ್‌ನ ಲಾಫ್ಟ್ ಸುಮಾರು 18 ಡಿಗ್ರಿ; ಚೆಂಡು ಸುಲಭವಾಗಿ ಮೇಲೇಳುತ್ತದೆ. ಐರನ್‌ಗಳು ಕ್ಯಾವಿಟಿ ಬ್ಯಾಕ್ (ತಲೆಯ ಹಿಂಭಾಗ ಟೊಳ್ಳಾಗಿ ಕೊರೆದವು) ಇರಲಿ. ತೂಕ ಅಂಚಿನಲ್ಲಿ ಹಂಚಿರುವುದರಿಂದ ಏಟು ನಡುವಿಗೆ ಬೀಳದಿದ್ದರೂ ದೂರ ತೀರಾ ಕುಗ್ಗುವುದಿಲ್ಲ.

ಇಬ್ಬರ ಎತ್ತರ, ಬಲ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಹಂಚಿಕೊಳ್ಳಬಹುದು. ಇಲ್ಲದಿದ್ದರೆ ಪಟರ್ ಒಂದು ಸಾಕು, ಉಳಿದವು ಬೇರೆಯಾಗಲಿ. ಮಹಿಳೆಯರ ಕ್ಲಬ್ ಸಾಮಾನ್ಯವಾಗಿ ಒಂದಿಂಚು ಗಿಡ್ಡ, ಶಾಫ್ಟ್ (ಕ್ಲಬ್‌ನ ಉದ್ದನೆಯ ದಂಡ) ಹಗುರ ಗ್ರಾಫೈಟ್. ಕೊಳ್ಳುವ ಮೊದಲು 7 ಐರನ್‌ನ ತಳಕ್ಕೆ ಟೇಪ್ ಅಂಟಿಸಿ, ಹಲಗೆಯ ಮೇಲಿಟ್ಟ ಚೆಂಡು ಹೊಡೆದು ನೋಡಿ. ಗೀರು ಹಿಮ್ಮಡಿಯ ಕಡೆ, ಅಂದರೆ ಶಾಫ್ಟ್ ಬದಿಗೆ ಬಿದ್ದರೆ ಲೈ ಕೋನ (ನೆಲಕ್ಕೂ ಶಾಫ್ಟ್‌ಗೂ ನಡುವಿನ ಕೋನ) ನಿಮಗೆ ಹೆಚ್ಚಾಯಿತು, ಬಲಗೈ ಆಟಗಾರರ ಚೆಂಡು ಎಡಕ್ಕೆಳೆಯುತ್ತದೆ.

ಸೆಕೆಂಡ್ ಹ್ಯಾಂಡ್ ಸೆಟ್ ಧಾರಾಳವಾಗಿ ಕೊಳ್ಳಿ. ಗ್ರಿಪ್ ಗಾಜಿನಂತೆ ಹೊಳೆಯುತ್ತಿದ್ದರೆ ರಬ್ಬರ್ ಸತ್ತಿದೆ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ತಲೆ ಸೇರುವ ಕಡೆ ತುಕ್ಕು ಅಥವಾ ಬಿರುಕು ಕಂಡರೆ ಮಾತ್ರ ಬಿಟ್ಟುಬಿಡಿ.