ಟ್ರಂಕಿನಲ್ಲಿ ಸಿಕ್ಕ ಹಿತ್ತಾಳೆ ಬಿಲ್ಲೆಯ ಕಡ್ಡಿ ಯಾವುದು?

ಕೊಪ್ಪಳದ ಅಜ್ಜಿ ಮನೆಯ ಟ್ರಂಕಿನಲ್ಲಿ ಗೇಣುದ್ದದ ಉಕ್ಕಿನ ಕಡ್ಡಿ ಸಿಕ್ಕಿದೆ, ತುದಿಯಲ್ಲಿ ಸಣ್ಣ ಕೊಕ್ಕೆ, ಕೆಳಗೆ ರೂಪಾಯಿ ಅಗಲದ ಹಿತ್ತಾಳೆ ಬಿಲ್ಲೆ ಇದೆ, ತೂಕ ಮಾಡೋದಕ್ಕಾ ಅಂತ ಕೇಳಿದ್ದೀರಿ. ಅಲ್ಲ, ಅದು ತಕಲಿ. ಕೈಯಲ್ಲಿ ಹತ್ತಿ ನೂಲುವ ಸಾಧನ.

ಹಂಜಿಯಿಂದ, ಅಂದರೆ ಹಿಂಜಿದ ಹತ್ತಿಯ ಸುರುಳಿಯಿಂದ, ಒಂದೆಳೆ ಎಳೆದು ಕೊಕ್ಕೆಗೆ ಸಿಕ್ಕಿಸಿ, ಕಡ್ಡಿಯನ್ನು ಎರಡು ಬೆರಳಲ್ಲಿ ಬುಗುರಿ ಥರ ತಿರುವಬೇಕು. ಬಿಲ್ಲೆಯ ಭಾರಕ್ಕೆ ಅದು ತಿರುಗುತ್ತಲೇ ಇರುತ್ತದೆ, ಎಳೆಗೆ ಹುರಿ ಬೀಳುತ್ತದೆ. ಎಳೆ ಕೈ ಚಾಚುವಷ್ಟು ಉದ್ದವಾದಾಗ ಬಿಲ್ಲೆಯ ಮೇಲ್ಭಾಗದ ಕಡ್ಡಿಗೆ ಸುತ್ತಿ, ಮತ್ತೆ ಕೊಕ್ಕೆಗೆ ಹಾಕಬೇಕು. ಹತ್ತಿ ಎಳೆ ಬಹಳ ಸೂಕ್ಷ್ಮ. ತಕಲಿ ಗಾಳಿಯಲ್ಲಿ ತೂಗಿದರೆ ಪಟ್ಟಂತ ಹರಿಯುತ್ತದೆ. ಅದಕ್ಕೇ ಕೆಳತುದಿಯನ್ನು ತಟ್ಟೆ ಅಥವಾ ತೆಂಗಿನ ಕರಟದಲ್ಲಿ ಊರಿ ತಿರುಗಿಸುತ್ತಾರೆ.

ಕುರಿ ಉಣ್ಣೆ ನೂಲುವ ಕದಿರೂ ಇದೇ ತತ್ವದ್ದು, ಆದರೆ ಸಾಮಾನ್ಯವಾಗಿ ಕಟ್ಟಿಗೆಯದು, ದೊಡ್ಡದು. ನಿಮ್ಮದು ಹತ್ತಿಗೇ ಮಾಡಿದ್ದು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಎರೆಭೂಮಿಯಲ್ಲಿ ಹತ್ತಿಗೇನು ಬರ, ಅಲ್ವಾ? ಗಾಂಧೀಜಿಯ ಖಾದಿ ಚಳವಳಿ ತಕಲಿಯನ್ನು ಮನೆಮನೆಗೆ ತಲುಪಿಸಿತು. 1937ರ ವಾರ್ಧಾ ಶಿಕ್ಷಣ ಸಮ್ಮೇಳನದ ನಂತರ ಕೈಕಸುಬಿನ ಮೂಲಕ ಪಾಠ ಕಲಿಸುವ ಮೂಲಶಿಕ್ಷಣದ ಶಾಲೆಗಳಲ್ಲೂ ಮಕ್ಕಳು ಇದರಲ್ಲಿ ನೂಲುತ್ತಿದ್ದರು.

ಕೊಕ್ಕೆಯ ಒಳಬದಿಯನ್ನು ಬೆಳಕಿಗೆ ಹಿಡಿದು ನೋಡಿ. ನೂಲು ಉಜ್ಜಿ ಸವೆದ ಸಣ್ಣ ಗೀರು ಕಂಡರೆ ಅಜ್ಜಿ ಅದನ್ನು ಚೆನ್ನಾಗಿಯೇ ಬಳಸಿದ್ದಾರೆ. ದಯವಿಟ್ಟು ಮರಳುಕಾಗದ ಹಾಕಿ ಉಜ್ಜಬೇಡಿ. ಒಣಬಟ್ಟೆಯಲ್ಲಿ ಒರೆಸಿ, ಕಡ್ಡಿಗೆ ಒಂದು ಹನಿ ಎಣ್ಣೆ ಸವರಿ ಸಾಕು.