ಎಸಿಯನ್ನು ಹೀಟ್‌ಗೆ ಹಾಕಿದರೂ ತಣ್ಣನೆ ಗಾಳಿ ಬರುವುದು ಯಾಕೆ?

ಧಾರವಾಡದ ಚಳಿಗೆ ಬಾಣಂತಿ ಕೋಣೆಯಲ್ಲಿ ಶೇಗಡಿ ಬದಲು ಎಸಿಯನ್ನೇ ಹೀಟ್‌ಗೆ ಹಾಕಿದ್ದೀರಿ, ಬರುತ್ತಿರುವುದು ತಣ್ಣನೆ ಗಾಳಿ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ರಿಮೋಟ್ ನೋಡಿ. ಅದರಲ್ಲಿ ಸೂರ್ಯನ ಚಿತ್ರ ಇರಬೇಕು. ಫ್ಯಾನಿನ ಚಿತ್ರ ಇದ್ದರೆ ಬರೀ ಗಾಳಿ. ಮೋಡ್ ಬಟನ್ ಎಷ್ಟು ಒತ್ತಿದರೂ ಸೂರ್ಯ ಬರದಿದ್ದರೆ ನಿಮ್ಮದು ಬಹುಶಃ ತಂಪು ಮಾತ್ರ ಮಾಡುವ ಎಸಿ. ಅದಕ್ಕೆ ರಿಪೇರಿ ಇಲ್ಲ.

ಕೋಣೆ 24 ಡಿಗ್ರಿ ಇದ್ದು ನೀವು 22 ಇಟ್ಟರೆ ಅದು ಬಿಸಿ ಯಾಕೆ ಮಾಡುತ್ತದೆ, ಅಲ್ವಾ? 28ಕ್ಕೆ ಇಟ್ಟು ಹತ್ತು ನಿಮಿಷ ಸುಮ್ನೆ ಬಿಡಿ. ಗಾಳಿಯನ್ನು ಬಿಸಿ ಮಾಡುವ ಒಳಗಿನ ಕೊಳವೆ ಸುರುಳಿ (ಕಾಯಿಲ್) ಕಾಯುವವರೆಗೆ ಫ್ಯಾನ್ ನಿಂತೇ ಇರುವುದೂ ಉಂಟು.

ಫಿಲ್ಟರ್ ತೆಗೆದು ನೋಡಿ. ನಮ್ಮ ಮನೆಯದರಲ್ಲಿ ಗಾದಿಯ ಹತ್ತಿಯಂತೆ ಧೂಳು ಕೂತಿತ್ತು. ಗಾಳಿ ಆಡದಿದ್ದರೆ ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ಮತ್ತೆ ಮತ್ತೆ ನಿಲ್ಲುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಹೊರಗಿನ ಯೂನಿಟ್ ಎದುರು ಕೈ ಹಿಡಿಯಿರಿ. ಹೀಟ್ ನಡೆಯುವಾಗ ಅಲ್ಲಿ ತಣ್ಣನೆ ಗಾಳಿ ಬರಬೇಕು. ಕೆಳಗೆ ನೀರು ತೊಟ್ಟಿಕ್ಕಿದರೂ ಹೆದರಬೇಡಿ. ಅಲ್ಲೇ ಬಿಸಿ ಗಾಳಿ ಬರುತ್ತಿದ್ದರೆ ಗ್ಯಾಸಿನ ದಿಕ್ಕು ಬದಲಿಸುವ ವಾಲ್ವ್ ತಿರುಗಿಲ್ಲ. ವಾಲ್ವ್, ಅದನ್ನು ತಿರುಗಿಸುವ ವಿದ್ಯುತ್ ಕಾಯಿಲ್ ಅಥವಾ ಸರ್ಕ್ಯೂಟ್ ಬೋರ್ಡ್ ಕೆಟ್ಟಿರಬಹುದು. ಒಳಗಿನ ಗಾಳಿ ಬಿಸಿಯೂ ಆಗದೆ, ಹೊರಗಿನದು ತಣ್ಣಗೂ ಆಗದೆ ಇದ್ದರೆ ಕಂಪ್ರೆಸರ್ ಓಡುತ್ತಿಲ್ಲ, ಇಲ್ಲವೇ ಗ್ಯಾಸ್ ಹೋಗಿದೆ. ಆಗ ಬಂದವರು "ಗ್ಯಾಸ್ ತುಂಬಿಬಿಡೋಣ" ಅಂದರೆ ಮೊದಲು ಲೀಕ್ ಎಲ್ಲಿದೆ ಎಂದು ಕೇಳಿ. ಸಿಲಿಂಡರಿನಂತೆ ಎಸಿಯ ಗ್ಯಾಸ್ ಉರಿದು ಖಾಲಿಯಾಗುವುದಿಲ್ಲ.